ಸುಗ್ಗಿ ಹಬ್ಬಕ್ಕೆ ಬಂದ ನೆಂಟರನ್ನು ನಗಿಸುವುದು ಹೇಗೆ?



ಜನವರಿ ತಿಂಗಳು ಬಂತೆಂದರೆ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಊರುಗಳ ಮುಖವೇ ಬೇರೆಯಾಗುತ್ತದೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಭತ್ತ ರಾಶಿಯಾಗಿರುತ್ತದೆ. ಮಳವಳ್ಳಿ ಕಡೆಯ ಬೆದ್ದಲು ಹೊಲಗಳಲ್ಲಿ ರಾಗಿ, ಹುರುಳಿ ಮನೆ ಸೇರಿರುತ್ತದೆ. ಆಲೆಮನೆಯ ಕೊಪ್ಪರಿಗೆಯಿಂದ ಬಿಸಿಬೆಲ್ಲದ ಪರಿಮಳ ರಸ್ತೆಯವರೆಗೂ ಬರುತ್ತದೆ. ಸಂಕ್ರಾಂತಿಯ ದಿನ ದನಕರುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸುತ್ತಾರೆ. ಹೆಣ್ಣುಮಕ್ಕಳು ತಟ್ಟೆಯಲ್ಲಿ ಎಳ್ಳು ಬೆಲ್ಲ, ಕಬ್ಬಿನ ಜಲ್ಲೆ ಇಟ್ಟುಕೊಂಡು ಮನೆಮನೆಗೆ ಹೋಗುತ್ತಾರೆ. ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿಯೂ ಈ ಕಾಲದಲ್ಲಿ ಸುಗ್ಗಿಯ ಕೃತಜ್ಞತಾ ಪೂಜೆ ನಡೆಯುತ್ತದೆ. ಕಬ್ಬು, ತೆನೆ, ತೆಂಗು, ಕುಂಬಳಕಾಯಿಗಳು ಮೆರವಣಿಗೆಯಲ್ಲಿ ಬಲಿಪೀಠದ ಬಳಿಗೆ ಬರುತ್ತವೆ. ಪೂಜೆ ಮುಗಿದ ಮೇಲೆ ಸಿಹಿ ಪೊಂಗಲ್ ಹಂಚುತ್ತಾರೆ.

ಅಲ್ಲಿಯವರೆಗೆ ಎಲ್ಲವೂ ಚೆನ್ನ. ಆಮೇಲೆ ಮನೆಯಲ್ಲಿ ಏನಾಗುತ್ತದೆ?

ಬೆಂಗಳೂರಿನಿಂದ ಮಗಳು, ಅಳಿಯ ಬಂದಿದ್ದಾರೆ. ಮೈಸೂರಿನಿಂದ ಭಾವ ಬಂದಿದ್ದಾರೆ. ಪಕ್ಕದ ಊರಿನ ಬೀಗರು ಬಂದಿದ್ದಾರೆ. ಒಂದು ಗಂಟೆಗೆ ಊಟ ಮುಗಿಯುತ್ತದೆ. ಆಮೇಲೆ ಗಂಡಸರು ಮರದಡಿಯಲ್ಲಿ ಇಸ್ಪೀಟು ಹಿಡಿದು ಕೂರುತ್ತಾರೆ. ಸ್ವಲ್ಪ ಹೊತ್ತಿಗೆ ಬಾಟಲಿಯೂ ಬರುತ್ತದೆ. ಹೆಂಗಸರು ಪಾತ್ರೆಯ ರಾಶಿಯ ಮುಂದೆ. ಮಕ್ಕಳು ಒಂದೊಂದು ಮೂಲೆಯಲ್ಲಿ ಮೊಬೈಲು ಹಿಡಿದು ತಲೆ ತಗ್ಗಿಸಿದ್ದಾರೆ. ಅಜ್ಜಿ ಒಬ್ಬರೇ ಜಗಲಿಯ ಮೇಲೆ. ಸಂಜೆಯಾಗುವಷ್ಟರಲ್ಲಿ ಯಾರೋ ಒಬ್ಬರು ಹಳೆಯ ಜಮೀನು ಪಾಲಿನ ಮಾತು ಎತ್ತುತ್ತಾರೆ. ದನಿ ಏರುತ್ತದೆ. ನೆಂಟರು ಕತ್ತಲಾಗುವ ಮುಂಚೆ ಬಸ್ಸು ಹಿಡಿಯುತ್ತಾರೆ. ಬೆಳಿಗ್ಗೆ ದೇವಾಲಯದಲ್ಲಿ ದೇವರಿಗೆ ಕೃತಜ್ಞತೆ ಹೇಳಿದ ಮನೆಯಲ್ಲಿ ಸಂಜೆಗೆ ಒಬ್ಬರ ಮುಖದಲ್ಲಿಯೂ ನಗು ಉಳಿದಿಲ್ಲ.

ನೆಂಟರನ್ನು ಸಂತೋಷಪಡಿಸುವುದು ಪ್ರಬೋಧನೆಗೆ ತಕ್ಕ ವಿಷಯವೇ ಎಂದು ಯಾರಾದರೂ ಕೇಳಬಹುದು. ಪವಿತ್ರ ಗ್ರಂಥವನ್ನು ತೆರೆದರೆ ಹೌದು ಎಂಬ ಉತ್ತರವೇ ಸಿಗುತ್ತದೆ.

ಸಂತೋಷವೂ ದೇವರ ಅಪ್ಪಣೆ

ಧರ್ಮೋಪದೇಶಕಾಂಡದ 16ನೆಯ ಅಧ್ಯಾಯವನ್ನು ನೋಡಿ. ಕಣದ ಕೆಲಸವೂ ದ್ರಾಕ್ಷಿ ಆಲೆಯ ಕೆಲಸವೂ ಮುಗಿದ ಮೇಲೆ 7 ದಿನ ಪರ್ಣಕುಟೀರಗಳ ಹಬ್ಬವನ್ನು ಆಚರಿಸಬೇಕೆಂದು ದೇವರು ಇಸ್ರಯೇಲರಿಗೆ ವಿಧಿಸುತ್ತಾರೆ. ಆ ಹಬ್ಬದಲ್ಲಿ ಜನರು ಸಂಭ್ರಮಿಸಬೇಕು ಎಂಬುದು ಸಲಹೆಯಲ್ಲ, ಅಪ್ಪಣೆ. ಯಾರೊಂದಿಗೆ ಸಂಭ್ರಮಿಸಬೇಕು? ಮಗ, ಮಗಳು, ದಾಸ, ದಾಸಿ, ಲೇವಿಯ, ಪರದೇಶಿ, ತಾಯಿತಂದೆ ಇಲ್ಲದ ಮಗು, ವಿಧವೆ. ಮಗ, ಮಗಳು ಎಂಬ ಎರಡು ಹೆಸರುಗಳ ಬಳಿಕ ಬರುವವರು ಯಾರೂ ರಕ್ತಸಂಬಂಧಿಗಳಲ್ಲ ಎಂಬುದನ್ನು ಗಮನಿಸಿ. ಅದೇ ಗ್ರಂಥದ 26ನೆಯ ಅಧ್ಯಾಯದಲ್ಲಿ ರೈತನು ಪ್ರಥಮ ಫಲವನ್ನು ಬುಟ್ಟಿಯಲ್ಲಿ ತಂದು ದೇವರ ಮುಂದಿಡುತ್ತಾನೆ. ಆಮೇಲೆ ಮನೆಯವರೊಂದಿಗೆ ಲೇವಿಯನೂ ಪರದೇಶಿಯೂ ಆ ಒಳಿತಿನಲ್ಲಿ ಪಾಲುಗೊಳ್ಳುತ್ತಾರೆ. ಬುಟ್ಟಿ ದೇವರ ಮುಂದೆ ಇಟ್ಟರೆ ಅರ್ಧ ಕೆಲಸ ಮಾತ್ರ ಆಯಿತು. ಪರರ ಮುಖದಲ್ಲಿ ನಗು ಮೂಡಿದಾಗ ಉಳಿದರ್ಧ.

ಪ್ರವಾದಿ ಜೆಕರ್ಯನು ದೇವರು ಉದ್ಧರಿಸಿದ ಜೆರುಸಲೇಮನ್ನು ಹೇಗೆ ಚಿತ್ರಿಸುತ್ತಾನೆ ಗೊತ್ತೇ? ಕೋಲು ಹಿಡಿದ ಮುದುಕ ಮುದುಕಿಯರು ಬೀದಿಯಲ್ಲಿ ಕುಳಿತಿರುತ್ತಾರೆ. ಆ ಬೀದಿಗಳ ತುಂಬ ಹುಡುಗ ಹುಡುಗಿಯರು ಆಡುತ್ತಿರುತ್ತಾರೆ. ಅಂಗಳದಲ್ಲಿ ಆಡುವ ಮಕ್ಕಳು, ಜಗಲಿಯಲ್ಲಿ ಕುಳಿತು ನೋಡುವ ಹಿರಿಯರು: ದೇವರ ಸಮಾಧಾನದ ಗುರುತು ಇದೇ. ನಮ್ಮ ಪ್ರಭು ಯೇಸು ಕೂಡ ಪೇಟೆಯಲ್ಲಿ ಕುಳಿತು ಆಡುವ ಮಕ್ಕಳನ್ನು ಗಮನಿಸಿದ್ದರು. ಒಂದು ಗುಂಪು ಕೊಳಲು ಊದಿದರೂ ಇನ್ನೊಂದು ಗುಂಪು ಕುಣಿಯಲೊಲ್ಲದ ಆ ಆಟವನ್ನೇ ತಮ್ಮ ಬೋಧನೆಗೆ ಸಾಮತಿಯಾಗಿ ತೆಗೆದುಕೊಂಡರು (ಮತ್ತಾಯ 11:16-17). ಅವರ ಮೊದಲ ಸೂಚಕ ಕಾರ್ಯ ನಡೆದದ್ದು ಕಾನಾ ಊರಿನ ಮದುವೆಯ ಮನೆಯಲ್ಲಿ. ನೆಂಟರ ಮುಂದೆ ಆತಿಥೇಯರ ಮಾನ ಹೋಗುವುದರಲ್ಲಿತ್ತು. ಅದನ್ನು ಮೊದಲು ಗಮನಿಸಿದವರು ಮಾತೆ ಮರಿಯಮ್ಮನವರು.

ನಾವು ಅರ್ಪಿಸುವ ಬಲಿಪೂಜೆಗೆ ಧರ್ಮಸಭೆ ಮೊದಲಿನಿಂದಲೂ ಇಟ್ಟ ಹೆಸರು ಯೂಖರಿಸ್ತಿಯ. ಆ ಗ್ರೀಕ್ ಪದದ ಅರ್ಥ ಕೃತಜ್ಞತೆ ಸಲ್ಲಿಸುವುದು ಎಂದೇ. ಬಲಿಪೀಠದ ಕೃತಜ್ಞತೆ ಮನೆಯ ಹೊಸ್ತಿಲು ದಾಟಿ ಒಳಗೆ ಬರಬೇಕು. ಕರಾವಳಿಯ ನಮ್ಮ ಬಾಂಧವರು ಸೆಪ್ಟೆಂಬರ್ 8ರಂದು, ಕನ್ಯಾಮರಿಯಮ್ಮನವರ ಜನನದ ಹಬ್ಬದ ದಿನ, ಆಶೀರ್ವದಿಸಿದ ಹೊಸ ತೆನೆಯ ಕಾಳನ್ನು ಮನೆಯವರೆಲ್ಲ ಸೇರಿ ಉಣ್ಣುತ್ತಾರೆ. ದೂರದ ಊರಿನಲ್ಲಿರುವ ಮಕ್ಕಳಿಗೂ ಅದರ ಪಾಲು ಕಳಿಸುತ್ತಾರೆ. ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಕೃತಜ್ಞತಾ ದಿನ. ಅಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳೂ ಅಂದು ಒಂದೆಡೆ ಸೇರುತ್ತವೆ. ನಾಡು ಬೇರೆ, ಬೆಳೆ ಬೇರೆ. ಒಟ್ಟಿಗೆ ಕುಳಿತು ಉಣ್ಣಬೇಕೆಂಬ ಆಸೆ ಒಂದೇ.

ಕೆಟ್ಟುಹೋದ ಮೂರು ಔತಣಗಳು

ಹಾಗೆಂದು ಎಲ್ಲ ಮೋಜೂ ದೇವರಿಗೆ ಮೆಚ್ಚುಗೆಯಲ್ಲ. ಪವಿತ್ರ ಗ್ರಂಥದಲ್ಲಿ ಕೆಟ್ಟುಹೋದ ಮೂರು ಔತಣಗಳಿವೆ.

ಮೊದಲನೆಯದು ಸಂಸೋನನ ಮದುವೆಯ ಔತಣ (ನ್ಯಾಯಸ್ಥಾಪಕರು 14). ಅವನು 30 ಮಂದಿ ಸಂಗಡಿಗರಿಗೆ ಒಂದು ಒಗಟು ಹಾಕಿದ. ಒಗಟು ಹಾಕುವುದು ತಪ್ಪೇನಲ್ಲ. ಆದರೆ ಅದಕ್ಕೆ ಪಣ ಕಟ್ಟಿದ: 30 ನಾರುಬಟ್ಟೆ, 30 ಉಡುಪು. ಪಣ ಬಂದೊಡನೆ ಆಟ ಹೋಯಿತು. ಸಂಗಡಿಗರು ಮದುಮಗಳನ್ನು ಹೆದರಿಸಿ ಉತ್ತರ ಕದ್ದರು. ಕೊನೆಗೆ ಆ ಪಣ ತೀರಿಸಲು ಅಷ್ಕೆಲೋನಿನಲ್ಲಿ 30 ಜನರ ಪ್ರಾಣ ಹೋಯಿತು, ಮದುವೆಯೂ ಮುರಿಯಿತು. ಹಬ್ಬದ ದಿನ ಹತ್ತು ರೂಪಾಯಿ ಕಟ್ಟಿ ಇಸ್ಪೀಟು ಆಡಿದರೆ ಏನಾಯಿತು ಎನ್ನುವವರು ಈ ಕಥೆಯನ್ನು ಮಕ್ಕಳಿಗೆ ಓದಿ ಹೇಳಲಿ.

ಎರಡನೆಯದು ಹೆರೋದನ ಹುಟ್ಟುಹಬ್ಬ (ಮಾರ್ಕ 6). ನೃತ್ಯ ನೋಡಿದ, ಅಮಲಿನ ಮಾತು ಆಡಿದ, ಅತಿಥಿಗಳ ಮುಂದೆ ಮಾತು ಹಿಂತೆಗೆಯಲು ನಾಚಿದ. ಒಂದು ಮನರಂಜನೆಯ ಕೊನೆಗೆ ಸ್ನಾನಿಕ ಯೊವಾನ್ನರ ಶಿರಸ್ಸು ಪರಾತದಲ್ಲಿ ಬಂತು. ನಾಲ್ಕು ಜನರ ಮುಂದೆ ದೊಡ್ಡಸ್ತಿಕೆ ತೋರಿಸಲು ಹೊರಟವನು ಎಲ್ಲಿಗೆ ಹೋಗಿ ಮುಟ್ಟುತ್ತಾನೆ ಎಂಬುದಕ್ಕೆ ಇದೇ ಸಾಕ್ಷಿ.

ಮೂರನೆಯದು ನಮಗೆ ಇನ್ನೂ ಹತ್ತಿರದ್ದು, ನಾಬಾಲನ ಔತಣ (1 ಸಮುವೇಲ 25). 3,000 ಕುರಿ, 1,000 ಮೇಕೆಗಳಿದ್ದ ಸಿರಿವಂತ. ಕುರಿಗಳ ಉಣ್ಣೆ ಕತ್ತರಿಸುವ ಕಾಲ, ಎಂದರೆ ಅವನಿಗೆ ಅದೇ ಸುಗ್ಗಿ. ಅವನ ಮಂದೆಗೆ ಕಾವಲಾಗಿ ನಿಂತಿದ್ದ ದಾವೀದನ ಆಳುಗಳು ಹಬ್ಬದ ದಿನ ಏನಾದರೂ ಕೊಡಿ ಎಂದು ಬಂದಾಗ, ದಾವೀದನೆಂದರೆ ಯಾರು ಎಂದು ಹೀಯಾಳಿಸಿ ಅಟ್ಟಿದ. ಅದೇ ದಿನ ಮನೆಯೊಳಗೆ ರಾಜನ ಔತಣದಂತಹ ಔತಣ, ಕಂಠಪೂರ್ತಿ ಕುಡಿತ. ಆ ಮನೆಯನ್ನು ಉಳಿಸಿದವಳು ರೊಟ್ಟಿ, ಕಾಳು, ಒಣದ್ರಾಕ್ಷಿಗಳನ್ನು ಕತ್ತೆಗಳ ಮೇಲೆ ಹೇರಿಕೊಂಡು ಹೊರಟ ಅವನ ಹೆಂಡತಿ ಅಬೀಗೈಲಳು.

ಪಣ, ಅಮಲು, ಜಿಪುಣತನ. ಈ ಮೂರನ್ನು ಹೊಸ್ತಿಲ ಹೊರಗಿಟ್ಟರೆ ಹಬ್ಬದ ಮನೆಗೆ ಅರ್ಧ ಸಂತೋಷ ತಾನಾಗಿಯೇ ಬರುತ್ತದೆ.

ಹಾಗಾದರೆ ಏನು ಮಾಡಬಹುದು?

ಬಾಲಕ ಜಾನ್ ಬೋಸ್ಕೋ 19ನೆಯ ಶತಮಾನದಲ್ಲಿ ಇಟಲಿಯ ಬೆಕ್ಕಿ ಎಂಬ ಪುಟ್ಟ ಹಳ್ಳಿಯಲ್ಲಿ ಜಾತ್ರೆಯ ಆಟಗಾರರನ್ನು ನೋಡಿ ಹಗ್ಗದ ಮೇಲೆ ನಡೆಯುವುದು, ಕೈಚಳಕ ಮಾಡುವುದು ಕಲಿತ. ಊರಿನವರನ್ನು ಸೇರಿಸಿ ಆಟ ತೋರಿಸುತ್ತಿದ್ದ. ಟಿಕೆಟ್ಟು ಏನೆಂದರೆ ಜಪಸರ ಹೇಳಬೇಕು, ದೇವಾಲಯದಲ್ಲಿ ಕೇಳಿದ ಪ್ರಬೋಧನೆಯನ್ನು ಅವನ ಬಾಯಿಂದ ಮತ್ತೊಮ್ಮೆ ಕೇಳಬೇಕು. ಆ ಹುಡುಗನೇ ಮುಂದೆ ಸಾವಿರಾರು ಬಡಮಕ್ಕಳ ತಂದೆಯಾದ ಸಂತ. ನಮ್ಮ ಅಂಗಳಕ್ಕೆ ಹಗ್ಗದ ನಡಿಗೆ ಬೇಡ. ನಮ್ಮ ಹಿರಿಯರು ಬಿಟ್ಟುಹೋದ ಆಟಗಳೇ ಸಾಕು.

1. ಕೆಲಸವನ್ನೇ ಆಟ ಮಾಡಿ. ಈ ಕಾಲ ಅವರೆಯ ಕಾಲ. ಹಬ್ಬದ ಹಿಂದಿನ ರಾತ್ರಿಯೇ ನೆಂಟರು ಬಂದಿದ್ದರೆ ನೆನೆಹಾಕಿದ ಅವರೆಕಾಳಿನ ಪಾತ್ರೆಯನ್ನು ನಡುಮನೆಗೆ ತನ್ನಿ. ಸುತ್ತಲೂ ಎಲ್ಲರೂ ಕೂರಲಿ, ಗಂಡಸರೂ ಕೂರಲಿ. ಕಾಳು ಹಿತುಕುತ್ತಾ ಕುಳಿತರೆ ಮಾತು ತಾನಾಗಿ ಬರುತ್ತದೆ. ಯಾರ ಬೆರಳಿನಿಂದ ಬೇಳೆ ಹಾರಿ ಯಾರ ಮೂಗಿಗೆ ಬಡಿಯಿತು ಎಂದು ಮಕ್ಕಳು ನಗುತ್ತಾರೆ. ಬೆಥಾನಿಯದ ಮಾರ್ತಳು ಒಬ್ಬಳೇ ದುಡಿದು ಬೇಸತ್ತು ಪ್ರಭುವಿನ ಬಳಿ ದೂರಿಟ್ಟಳು. ಎಲ್ಲರೂ ಕೈ ಹಾಕಿದರೆ ನಮ್ಮ ಮನೆಯ ಮಾರ್ತಳಿಗೂ ಮರಿಯಳ ಪಕ್ಕದಲ್ಲಿ ಕೂರಲು ಸಮಯ ಸಿಕ್ಕೀತು. ಊಟದ ಬಳಿಕ ಪಾತ್ರೆ ತೊಳೆಯುವುದಕ್ಕೂ ಇದೇ ನಿಯಮ: ಅಳಿಯಂದಿರು ಉಜ್ಜಲಿ, ಮಾವಂದಿರು ಒರೆಸಲಿ.

2. ಒಗಟಿನ ಪಂದ್ಯ. ಒಂದು ಕಡೆ ಹಿರಿಯರು, ಇನ್ನೊಂದು ಕಡೆ ಮಕ್ಕಳು. ಮೈಯೆಲ್ಲ ಗಂಟು, ಗಂಟಿನ ನಡುವೆ ಸಿಹಿಯ ನಂಟು ಎಂದರೆ ಏನು? ಮಂಡ್ಯದ ಮಗು ಕಬ್ಬು ಎಂದು ಹೇಳದಿದ್ದೀತೇ? ಸೋತವರು ಪಣ ಕೊಡುವುದು ಬೇಡ. ಒಂದು ಹಾಡು ಹೇಳಲಿ. ಅಜ್ಜಿಗೆ ಬರುವಷ್ಟು ಒಗಟು ಮನೆಯಲ್ಲಿ ಬೇರೆ ಯಾರಿಗೂ ಬರುವುದಿಲ್ಲ. ಜಗಲಿಯ ಮೇಲೆ ಒಬ್ಬರೇ ಕುಳಿತಿದ್ದವರು ಆ ದಿನ ಗುಂಪಿನ ನಡುವೆ ಬರುತ್ತಾರೆ.

3. ಮಣೆಯಾಟ. ಸೀಮೆಸುಣ್ಣದಲ್ಲಿ ನೆಲದ ಮೇಲೆ 25 ಮನೆಗಳ ಚೌಕಾಬಾರ ಬರೆಯಿರಿ. ಕವಡೆ ಇಲ್ಲದಿದ್ದರೆ 4 ಹುಣಸೆಬೀಜಗಳ ಒಂದು ಬದಿಯನ್ನು ಬಿಳಿಯಾಗುವ ತನಕ ಕಲ್ಲಿಗೆ ಉಜ್ಜಿದರೆ ಸಾಕು. ಕಾಯಿ ಹೊಡೆಸಿಕೊಂಡವನು ಮೊದಲಿನಿಂದ ಹೊರಡಬೇಕು. ಬದುಕಿನಲ್ಲೂ ಅಷ್ಟೇ ಎಂದು ಮಕ್ಕಳಿಗೆ ಆಟವೇ ಕಲಿಸುತ್ತದೆ. ಅಟ್ಟದ ಮೇಲೆ ಅಳಗುಳಿ ಮಣೆಯಿದ್ದರೆ ಕೆಳಗಿಳಿಸಿ. ಸಾಲಿಗೆ 7ರಂತೆ 14 ಗುಳಿಗಳು. ಒಂದು ಗುಳಿಯ ಬೀಜವನ್ನೆಲ್ಲ ಕೈಗೆ ತೆಗೆದುಕೊಂಡವನು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಲೇ ಹೋಗಬೇಕು. ಮುಷ್ಟಿ ಬಿಗಿಹಿಡಿದವನಿಗೆ ಆಟ ಮುಂದೆ ಸಾಗುವುದಿಲ್ಲ. ಸುಗ್ಗಿಯ ಪಾಠವನ್ನು ಇದಕ್ಕಿಂತ ಸರಳವಾಗಿ ಯಾರು ಹೇಳಿಯಾರು?

4. ಅಂಗಳದ ಆಟ. ಬಿಸಿಲು ಇಳಿದ ಮೇಲೆ ಲಗೋರಿ, ಕುಂಟೆಬಿಲ್ಲೆ, ಹಗ್ಗಜಗ್ಗಾಟ, ಕಣ್ಣಿಗೆ ಬಟ್ಟೆ ಕಟ್ಟಿ ಮಡಕೆ ಒಡೆಯುವುದು. ಒಂದು ಎಚ್ಚರಿಕೆ ಮಾತ್ರ ಇರಲಿ. ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು ಎಂದು ತಂಡ ಕಟ್ಟಬೇಡಿ. ಮೊದಲೇ ಮನಸ್ತಾಪವಿರುವ ಅಣ್ಣತಮ್ಮಂದಿರನ್ನು ಹಗ್ಗದ ಎರಡು ತುದಿಗೆ ನಿಲ್ಲಿಸಬೇಡಿ. ಒಂದೇ ತುದಿಯಲ್ಲಿ ನಿಲ್ಲಿಸಿ. ವರ್ಷದಿಂದ ಮಾತು ಬಿಟ್ಟವರು ಒಂದೇ ಹಗ್ಗ ಹಿಡಿದು ಎಳೆಯುವಾಗ ಮಾತಾಡದೆ ಇರಲಾರರು.

5. ಬೈಬಲ್ ಮೂಕಾಭಿನಯ. ಚೀಟಿಯಲ್ಲಿ ಕಥೆಯ ಹೆಸರು ಬರೆದು ಕೊಡಿ: ನೋವನ ನಾವೆ, ಮರ ಹತ್ತಿದ ಜಕ್ಕಾಯ, ಕಳೆದುಹೋದ ಕುರಿ. ಮಾತಾಡದೆ ಅಭಿನಯಿಸಬೇಕು, ಉಳಿದವರು ಹೇಳಬೇಕು. ಉಪದೇಶ ಕೇಳಲೊಲ್ಲದ ಹುಡುಗರೂ ಇಲ್ಲಿ ಮುಂದೆ ಬರುತ್ತಾರೆ. ನೆರೆಯ ಅನ್ಯಧರ್ಮದ ಮಕ್ಕಳು ಬಂದಿದ್ದರೆ ಎಲ್ಲರಿಗೂ ಗೊತ್ತಿರುವ ಕಥೆಗಳನ್ನೂ ಸೇರಿಸಿ. ಗೊತ್ತಿಲ್ಲವೆಂದು ಯಾವ ಮಗುವೂ ತಲೆ ತಗ್ಗಿಸಬಾರದು.

6. ಕೃತಜ್ಞತೆಯ ಕೊಳಗ. ಇದು ಕೊನೆಗೆ, ದೀಪ ಹಚ್ಚಿದ ಮೇಲೆ. ಮನೆಯ ನಡುವೆ ಒಂದು ಮೊರದಲ್ಲಿ ಹೊಸ ಭತ್ತವೋ ರಾಗಿಯೋ ಇರಲಿ, ಪಕ್ಕದಲ್ಲಿ ಖಾಲಿ ಕೊಳಗ. ಒಬ್ಬೊಬ್ಬರೂ ಒಂದು ಹಿಡಿ ತೆಗೆದು ಕೊಳಗಕ್ಕೆ ಹಾಕುತ್ತಾ ಈ ವರ್ಷ ದೇವರಿಗೆ ಹೇಳಬೇಕಾದ ಒಂದು ಕೃತಜ್ಞತೆ, ಇಲ್ಲಿ ಕುಳಿತವರಲ್ಲಿ ಒಬ್ಬರಿಗೆ ಹೇಳಬೇಕಾದ ಒಂದು ಕೃತಜ್ಞತೆ ಹೇಳಲಿ. ನಾಚಿಕೆಯಾಗುತ್ತದೆ, ನಿಜ. ಗಂಡನು ಹೆಂಡತಿಗೆ, ಸೊಸೆಯು ಅತ್ತೆಗೆ ಬಾಯಿಬಿಟ್ಟು ಉಪಕಾರ ಹೇಳುವ ರೂಢಿ ನಮ್ಮಲ್ಲಿ ಕಡಿಮೆ. ಆದರೆ ಗುಣಹೊಂದಿದ 10 ಮಂದಿ ಕುಷ್ಠರೋಗಿಗಳಲ್ಲಿ ಮರಳಿ ಬಂದವನು ಒಬ್ಬನೇ, ಅವನೂ ಸಮಾರಿಯದವನು (ಲೂಕ 17). ಉಳಿದ ಒಂಬತ್ತು ಮಂದಿಯ ಮನಸ್ಸಿನಲ್ಲಿ ಉಪಕಾರ ಸ್ಮರಣೆ ಇದ್ದಿರಲೂಬಹುದು; ಬಾಯಿಗೆ ಬರಲಿಲ್ಲ. ಆ ಕೊಳಗದ ಧಾನ್ಯ ನಿಮ್ಮ ಕಣಜಕ್ಕೆ ವಾಪಸು ಹೋಗಬಾರದು. ಅದು ಯಾರಿಗೆ ಸೇರಬೇಕೆಂದು ಮಕ್ಕಳೇ ತೀರ್ಮಾನಿಸಲಿ.

ಪಟ್ಟಿಯಲ್ಲಿಲ್ಲದ ನೆಂಟರು

ಪ್ರಿಯರೇ, ಇಷ್ಟನ್ನೂ ಮಾಡಿ ನಾವು ನಮ್ಮವರನ್ನು ಮಾತ್ರ ನಗಿಸಿದರೆ ಪ್ರಭುವಿನ ಮಾತು ಬಾಕಿ ಉಳಿಯುತ್ತದೆ. ಔತಣ ಮಾಡುವಾಗ ಮರಳಿ ಕರೆಯಬಲ್ಲ ಬಂಧುಗಳನ್ನೂ ಸಿರಿವಂತ ನೆರೆಯವರನ್ನೂ ಮಾತ್ರ ಕರೆಯಬೇಡ, ಮರಳಿ ಏನನ್ನೂ ಕೊಡಲಾರದವರನ್ನು ಕರೆ ಎಂದು ಅವರು ತಮ್ಮನ್ನು ಊಟಕ್ಕೆ ಕರೆದ ಫರಿಸಾಯನಿಗೇ ಹೇಳಿದರು (ಲೂಕ 14:12-14).

ನಮ್ಮ ಸೀಮೆಯಲ್ಲಿ ಅವರು ಯಾರು? ಕಬ್ಬು ಕಡಿಯಲು ದೂರದ ಜಿಲ್ಲೆಗಳಿಂದ ಸಂಸಾರ ಸಮೇತ ಬಂದು ಗದ್ದೆಯಂಚಿನಲ್ಲಿ ಗುಡಿಸಲು ಹಾಕಿಕೊಂಡವರು. ಅವರ ಮಕ್ಕಳು ಹಬ್ಬದ ದಿನವೂ ಸೋಗೆಯ ನಡುವೆ ಆಡುತ್ತಿರುತ್ತಾರೆ. ಹೊಲದ ಅಂಚಿನ ತೆನೆಯನ್ನು ಬಡವನಿಗೂ ಪರದೇಶಿಗೂ ಬಿಡಬೇಕೆಂದು ಯಾಜಕಕಾಂಡ ಹೇಳುತ್ತದೆ (23:22). ಆ ನಿಯಮವನ್ನು ಬೋವಜನು ಪಾಲಿಸಿದ್ದರಿಂದಲೇ ಮೋವಾಬ್ ನಾಡಿನ ರೂತಳಿಗೆ ಹಕ್ಕಲು ಕಾಳು ಸಿಕ್ಕಿತು. ಅವಳ ವಂಶದಲ್ಲಿ ದಾವೀದನೂ, ಪ್ರಭುವೂ ಹುಟ್ಟಿದರು. ನಮ್ಮ ಹಳೆಯ ಕಣಗಳಲ್ಲೂ ರಾಶಿ ಮನೆ ಸೇರುವ ಮುಂಚೆ ಆಯಗಾರರ ಪಾಲು ಅಳೆದು ಕೊಡುತ್ತಿದ್ದರು. ಯಂತ್ರ ಬಂದು ಕಣ ಮಾಯವಾಯಿತು. ಪಾಲು ಕೊಡುವ ಮನಸ್ಸೂ ಮಾಯವಾಗಬೇಕೇ? ಗುಡಿಸಲಿನ ಮಕ್ಕಳನ್ನು ಅಂಗಳದ ಲಗೋರಿಗೆ ಕರೆಯಲು ಒಂದು ಕಾಸೂ ಖರ್ಚಿಲ್ಲ.

ಇನ್ನೊಂದು ಮನೆಯಿದೆ. 2015ರಲ್ಲಿ ಮಂಡ್ಯ ಜಿಲ್ಲೆಯಲ್ಲಿ ಸಾಲದ ಹೊರೆ ತಾಳಲಾರದೆ ಪ್ರಾಣ ಕಳೆದುಕೊಂಡ ರೈತರ ಸುದ್ದಿ ಒಂದರ ಹಿಂದೆ ಒಂದು ಬಂತು. 2023ರಲ್ಲಿ ಮಳೆ ಕೈಕೊಟ್ಟು ನಾಲೆಯ ನೀರಿಗಾಗಿ ರೈತರು ರಸ್ತೆಗಿಳಿದರು. ಅಂತಹ ವರ್ಷಗಳಲ್ಲಿ ಸುಗ್ಗಿಯ ಕೃತಜ್ಞತೆ ಎಂಬ ಮಾತೇ ಕೆಲವರಿಗೆ ಗಾಯದ ಮೇಲಿನ ಉಪ್ಪು. ಆ ಮನೆಯ ವಿಧವೆ, ಆ ಮನೆಯ ಮಕ್ಕಳು ನಮ್ಮ ಹಬ್ಬಕ್ಕೆ ಬರಲು ಹಿಂಜರಿಯುತ್ತಾರೆ. ಕರೆಯಲು ನಾವೂ ಹಿಂಜರಿಯುತ್ತೇವೆ. ಕರೆಯಲೇಬೇಕು. ಕರೆಯಕಳಿಸುವುದಲ್ಲ, ಮನೆಯ ಹಿರಿಯರೇ ಹೋಗಿ ಕೈ ಹಿಡಿದು ಕರೆತರಬೇಕು. ಬಂದಾಗ ಎಲ್ಲರ ಮುಂದೆ ಸಾಲದ ಮಾತು, ಪರಿಹಾರದ ಮಾತು ಕೇಳಬೇಡಿ. ಒಂದು ಚೂರು ಬೆಲ್ಲ, ಒಂದು ಲೋಟ ನೀರು ಕೊಡಿ. ಚೌಕಾಬಾರದ ಒಂದು ಬದಿಯಲ್ಲಿ ಕೂರಿಸಿ. ಅವರು ಅತ್ತರೆ ಅಳಲಿ. ಅಳುವವರೊಡನೆ ಅಳುವುದೂ ಆತಿಥ್ಯವೇ. ಅಂಜೂರ ಚಿಗುರದಿದ್ದರೂ, ಹೊಲ ಬೆಳೆ ಕೊಡದಿದ್ದರೂ, ಹಟ್ಟಿಯಲ್ಲಿ ದನವಿಲ್ಲದಿದ್ದರೂ ದೇವರಲ್ಲಿ ಆನಂದಿಸುವೆನೆಂದ ಪ್ರವಾದಿ ಹಬಕ್ಕೂಕನ ನಂಬಿಕೆ ದೊಡ್ಡದು. ಬರಿಗೈಯಲ್ಲಿರುವವನಿಂದ ಅಂತಹ ನಂಬಿಕೆಯನ್ನು ಕೇಳುವ ಮೊದಲು ಅವನ ಪಕ್ಕದಲ್ಲಿ ಎಲೆ ಹಾಕಿಕೊಂಡು ಕೂರುವುದು ನಮ್ಮ ಪಾಲಿನ ಕೆಲಸ.

ಇದೇ ಕಾರಣಕ್ಕೆ, ಸಾಲ ಮಾಡಿ ಹಬ್ಬ ಮಾಡಬೇಡಿ. ಹತ್ತು ಬಗೆಯ ಅಡುಗೆ, ಬಾಡಿಗೆಯ ಧ್ವನಿವರ್ಧಕ, ಎಲ್ಲರಿಗೂ ಬಟ್ಟೆ ಎಂದು ಹೊರಟವನು ಮುಂದಿನ ಸುಗ್ಗಿಯನ್ನು ಈಗಲೇ ಅಡವಿಟ್ಟಂತೆ. ಹುಣಸೆಬೀಜಕ್ಕೆ ಬಡ್ಡಿಯಿಲ್ಲ. ಒಗಟಿಗೆ ಬಾಡಿಗೆಯಿಲ್ಲ. ಅವರೆಸಾರು, ಮುದ್ದೆ, ಒಂದಿಷ್ಟು ನಗು ಇದ್ದರೆ ಬಡವನ ಮನೆಯಲ್ಲೂ ಹಬ್ಬವೇ.

ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣದ ಗಂಜಾಂಗೆ 1799ರ ಯುದ್ಧದ ಬಳಿಕ ಫ್ರಾನ್ಸಿನ ಗುರು ಅಬ್ಬೆ ದುಬ್ವಾ ಬಂದರು. ಈ ನೆಲದ ಉಡುಗೆ ಉಟ್ಟು, ಈ ನೆಲದ ಊಟ ಉಂಡು ಬಾಳಿದರು. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು. ಪರದೇಶಿಯೊಬ್ಬನು ಮನೆಯವನಾಗಲು ಯಾರೋ ಮೊದಲು ಅವನಿಗೆ ಮಣೆ ಹಾಕಿರಬೇಕಲ್ಲವೇ? ಎಮ್ಮಾವುಸಿನ ಶಿಷ್ಯರಿಬ್ಬರು ದಾರಿಯಲ್ಲಿ ಸಿಕ್ಕ ಅಪರಿಚಿತನನ್ನು ಹೊತ್ತು ಮುಳುಗಿತು, ನಮ್ಮಲ್ಲೇ ಉಳಿಯಿರಿ ಎಂದು ಒತ್ತಾಯ ಮಾಡಿದರು. ರೊಟ್ಟಿ ಮುರಿಯುವಾಗ ಆ ಅತಿಥಿ ಯಾರೆಂದು ತಿಳಿಯಿತು. ಒತ್ತಾಯ ಮಾಡದೆ ಬಿಟ್ಟಿದ್ದರೆ ತಿಳಿಯುತ್ತಿರಲಿಲ್ಲ.

ಹಬ್ಬಕ್ಕೆ ಮುನ್ನ ಮನೆಮಂದಿ ಕುಳಿತು ಈ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ.

ಕಳೆದ ಹಬ್ಬದಲ್ಲಿ ನಮ್ಮ ಮನೆಯಲ್ಲಿ ಒಬ್ಬರೇ ಕುಳಿತಿದ್ದವರು ಯಾರು?

ಅಡುಗೆಮನೆಯಿಂದ ಹೊರಗೆ ಬರಲಾಗದೆ ಹಬ್ಬ ಕಳೆದವರು ಯಾರು?

ಈ ಬಾರಿ ನಮ್ಮ ಹಿರಿಯರೇ ಹೋಗಿ ಕರೆಯಬೇಕಾದ ಮನೆ ಯಾವುದು?

ಪ್ರಾರ್ಥಿಸೋಣ: ಸ್ವರ್ಗದಲ್ಲಿರುವ ತಂದೆಯೇ, ಮಳೆಯೂ ನಿಮ್ಮದು, ಬೆಳೆಯೂ ನಿಮ್ಮದು. ಕೊಟ್ಟದ್ದಕ್ಕೆ ಕೃತಜ್ಞತೆ. ಕೊಡದ ವರ್ಷವೂ ನಮ್ಮನ್ನು ಒಬ್ಬರಿಗೊಬ್ಬರು ಕೈಬಿಡದಂತೆ ಕಾಯಿರಿ. ನಮ್ಮ ಅಂಗಳಕ್ಕೆ ಬರುವ ಪ್ರತಿಯೊಬ್ಬರಲ್ಲಿಯೂ ನಿಮ್ಮ ಪುತ್ರನನ್ನು ಗುರುತಿಸುವ ಕಣ್ಣು ಕೊಡಿ. ಅಳುವವರ ಪಕ್ಕದಲ್ಲಿ ಕೂರುವ ತಾಳ್ಮೆಯನ್ನೂ, ಮಕ್ಕಳೊಡನೆ ಆಡುವ ಸರಳತೆಯನ್ನೂ ಕೊಡಿ. ನಮ್ಮ ಪ್ರಭು ಕ್ರಿಸ್ತರ ಮುಖಾಂತರ ಬೇಡುತ್ತೇವೆ. ಆಮೆನ್.